ಬ್ರೇಕ್ ಬಿಡಿಸಿದರೂ ಓಡದ ಗಾಡಿ

ದಶಕಗಳ ಕಾಲ, ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ವೈದ್ಯರ ಮುಖ್ಯ ಅಸ್ತ್ರ ಒಂದೇ: ಗಂಡು ಹಾರ್ಮೋನನ್ನು ತಡೆಯುವುದು. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ತೋರಿಸಿದ ದಾರಿ ಅದು. ಇವತ್ತಿಗೂ ಚಿಕಿತ್ಸೆಯ ಬುನಾದಿ ಅದೇ. ಇಂಜೆಕ್ಷನ್‌ನಿಂದಲೋ, ವೃಷಣ ತೆಗೆಯುವ ಶಸ್ತ್ರಚಿಕಿತ್ಸೆಯಿಂದಲೋ ಟೆಸ್ಟೊಸ್ಟೆರಾನ್ ಇಳಿದರೆ ಗಡ್ಡೆ ಸಾಮಾನ್ಯವಾಗಿ ಕುಗ್ಗುತ್ತದೆ. ಆಮೇಲೆ ಎಷ್ಟೋ ಜನರಲ್ಲಿ ಅಷ್ಟು ಕಡಿಮೆ ಹಾರ್ಮೋನಿನಲ್ಲೂ ಮತ್ತೆ ತಲೆ ಎತ್ತುತ್ತದೆ.

ದೇಹದ ರೋಗನಿರೋಧಕ ಪಡೆಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿಯ ಮಾತು ಏಳುವುದು ಆಗ. ಶ್ವಾಸಕೋಶ, ಚರ್ಮದ ಕ್ಯಾನ್ಸರ್‌ನಲ್ಲಿ ಅದರ ಗೆಲುವನ್ನು ಪತ್ರಿಕೆಯಲ್ಲಿ ಓದಿದ ಮನೆಯವರು “ನಮ್ಮಪ್ಪಂಗೂ ಕೊಡಬಹುದಾ ಡಾಕ್ಟ್ರೇ?” ಎಂದು ಕೇಳುವುದು ಸಹಜ.

ಅಮೆರಿಕದ ಔಷಧ ನಿಯಂತ್ರಕರು 2010ರಲ್ಲಿ ಸಿಪುಲ್ಯೂಸೆಲ್-ಟಿ ಎಂಬ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟದ್ದು ಈ ಕಾಯಿಲೆಗೇ. ರೋಗಿಯ ಬಿಳಿ ರಕ್ತಕಣಗಳನ್ನು ಹೊರತೆಗೆದು, ಪ್ರಾಸ್ಟೇಟ್ ಕೋಶಗಳ ಒಂದು ಪ್ರೋಟೀನಿನ ಗುರುತು ಹಿಡಿಸಿ, ಮತ್ತೆ ರಕ್ತನಾಳಕ್ಕೆ ಏರಿಸುತ್ತಾರೆ. ಸುಮಾರು ಎರಡು ವಾರಕ್ಕೊಮ್ಮೆ, ಮೂರು ಸಲ. 512 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಬದುಕಿನ ಮಧ್ಯಮ ಅವಧಿ 21.7 ತಿಂಗಳಿಂದ 25.8ಕ್ಕೇರಿತು. ವಿಚಿತ್ರವೆಂದರೆ ಗಡ್ಡೆ ಕುಗ್ಗಿದ್ದು, ರೋಗದ ಏರಿಳಿತ ತೋರುವ ರಕ್ತದ ಸೂಚಕ ಪಿಎಸ್‌ಎ ಇಳಿದದ್ದು ಅಪರೂಪ. ಮಾರುಕಟ್ಟೆಗೆ ಬಂದಾಗ ಬೆಲೆ ಮಾತ್ರ 93,000 ಡಾಲರ್ ಇತ್ತು. ನಾಲ್ಕು ತಿಂಗಳಿಗೆ!

ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ತಂದ ಸಂಶೋಧನೆಯಿಂದ ಹುಟ್ಟಿದ ಔಷಧಗಳ ಬಗೆ ಬೇರೆ. ಅವು ರೋಗನಿರೋಧಕ ಪಡೆಯ ಟಿ ಕೋಶಗಳ ಬ್ರೇಕ್ ಬಿಡಿಸುತ್ತವೆ. ಆದರೆ ಗಾಡಿಯೇ ಇಲ್ಲದ ಕಡೆ ಬ್ರೇಕ್ ಬಿಡಿಸಿ ಏನು ಫಲ? ಪ್ರಾಸ್ಟೇಟ್ ಗಡ್ಡೆಯೊಳಗೆ ಟಿ ಕೋಶಗಳು ವಿರಳ. ಜೀನ್ ರೂಪಾಂತರಗಳೂ ಕಡಿಮೆಯಾದ್ದರಿಂದ ‘ಇದು ಪರಕೀಯ’ ಎಂದು ಹಿಡಿದುಕೊಡುವ ಕುರುಹುಗಳೂ ಕಡಿಮೆ. ಬ್ರೇಕ್ ಬಿಡಿಸುವ ಔಷಧ ಇಪಿಲಿಮುಮ್ಯಾಬ್ ಎರಡು ದೊಡ್ಡ ಪರೀಕ್ಷೆಗಳಲ್ಲಿ ಆಯಸ್ಸು ಹೆಚ್ಚಿಸುವ ಗುರಿ ಮುಟ್ಟಲಿಲ್ಲ. ಹಾರ್ಮೋನ್ ತಡೆಯುವ ಎನ್‌ಜಲುಟಮೈಡ್ ಜತೆ ಅದೇ ಬಗೆಯ ಪೆಂಬ್ರೊಲಿಜುಮ್ಯಾಬ್ ಕೊಟ್ಟು ನೋಡಿದರೂ ಫಲ ಅಷ್ಟಕ್ಕಷ್ಟೇ.

ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿರುವ ಗಡ್ಡೆಗಳ ಮಾತು ಬೇರೆ. ಅಲ್ಲಿ ರೂಪಾಂತರಗಳು ರಾಶಿಬಿದ್ದಿರುತ್ತವೆ, ಕುರುಹುಗಳೂ ಹೇರಳ. ಅಂಥ ಗಡ್ಡೆ ಯಾವ ಅಂಗದಲ್ಲಿದ್ದರೂ ಪೆಂಬ್ರೊಲಿಜುಮ್ಯಾಬ್ ಕೊಡಬಹುದೆಂದು ಅಮೆರಿಕ 2017ರಲ್ಲಿ ಒಪ್ಪಿತು. ಪ್ರಾಸ್ಟೇಟ್ ರೋಗಿಗಳಲ್ಲಿ ಅಂಥವರು ನೂರಕ್ಕೆ ಮೂವರ ಆಸುಪಾಸು. ಹಾಗಾಗಿ ಮನೆಯವರು ಔಷಧದ ಬೆಲೆ ವಿಚಾರಿಸುವ ಮೊದಲು ಈ ತಿದ್ದುವ ವ್ಯವಸ್ಥೆ ಕೆಟ್ಟಿದೆಯೇ ಎಂದು ತೋರಿಸುವ, ಬಯಾಪ್ಸಿ ಚೂರಿನ ಎಂಎಸ್‌ಐ ಪರೀಕ್ಷೆ ಆಗಿದೆಯೇ ಎಂದು ಕೇಳುವುದು ಮೇಲು. ಅದಿಲ್ಲದೆ ಕೊಟ್ಟರೆ ಲಕ್ಷಾಂತರ ರೂಪಾಯಿ ಖರ್ಚಿನ ಜತೆಗೆ, ರೋಗನಿರೋಧಕ ಪಡೆ ಕರುಳು, ಥೈರಾಯ್ಡ್, ಶ್ವಾಸಕೋಶದ ಮೇಲೆಯೇ ತಿರುಗಿಬೀಳುವ ಅಪಾಯವೂ ಉಂಟು.

ಟಿ ಕೋಶಗಳನ್ನೇ ಮಾರ್ಪಡಿಸಿ ಕೊಡುವ ಕಾರ್-ಟಿ ಎಂಬ ಇನ್ನೊಂದು ದಾರಿಯೂ ಇದೆ; ಆದರೆ ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರಲ್ಲಿ ಹೊರತಂದ ಅಂಥ ಚಿಕಿತ್ಸೆ ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ, ಪ್ರಾಸ್ಟೇಟ್‌ಗಲ್ಲ. ಪ್ರಾಸ್ಟೇಟ್ ಗಡ್ಡೆಯ ಮೇಲಿನ ಪಿಎಸ್‌ಎಂಎ ಅಥವಾ ಸ್ಟೀಪ್-1 ಎಂಬ ಪ್ರೋಟೀನನ್ನು ಒಂದು ತುದಿಯಲ್ಲೂ ಟಿ ಕೋಶವನ್ನು ಇನ್ನೊಂದು ತುದಿಯಲ್ಲೂ ಹಿಡಿದು ಎರಡನ್ನೂ ಎದುರುಬದುರು ತರುವ ಪ್ರತಿಕಾಯಗಳು ವಿದೇಶಗಳಲ್ಲಿ ರೋಗಿಗಳ ಮೇಲೆ ಪರೀಕ್ಷೆಯಾಗುತ್ತಿವೆ.