ಮೇಣದ ಮನೆಯಲ್ಲಿ ರೂಪುಗೊಳ್ಳುವ ಲೋಹ

ಜೆಟ್ ಎಂಜಿನ್ನಿನ ದಹನಕೋಣೆಯಿಂದ ನುಗ್ಗಿ ಬರುವ ಅನಿಲಕ್ಕೆ ಮೊದಲು ಎದುರಾಗುವ ಟರ್ಬೈನ್ ಅಲಗುಗಳು ನಿಕ್ಕಲ್ ಪ್ರಧಾನವಾದ ಮಿಶ್ರಲೋಹದವು. ಆ ಲೋಹ ಸುಮಾರು 1,300ರಿಂದ 1,400 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗುತ್ತದೆ. ಆದರೆ ಇಂದಿನ ಎಂಜಿನ್ನುಗಳಲ್ಲಿ ಅದರ ಮೇಲೆ ಹಾಯುವ ಅನಿಲದ ತಾಪ 1,500 ಡಿಗ್ರಿಯನ್ನೂ ಮೀರಿರುತ್ತದೆ. ಹೀಗಿದ್ದೂ ಅಲಗು ಕರಗದೆ ಉಳಿಯುವುದಕ್ಕೆ ಮುಖ್ಯ ಕಾರಣ ಅದರ ಒಡಲೊಳಗಿನ ಕಿರಿದಾದ, ಹಿಂದಕ್ಕೂ ಮುಂದಕ್ಕೂ ತಿರುಗಿ ಸಾಗುವ ಗಾಳಿದಾರಿಗಳು. ಎಂಜಿನ್ನಿನ ಮುಂಭಾಗದಿಂದ ತಂದ, ಹೋಲಿಕೆಯಲ್ಲಿ ತಂಪಾದ ಗಾಳಿ ಈ ದಾರಿಗಳಲ್ಲಿ ಹರಿದು, ಮೇಲ್ಮೈಯ ಸಣ್ಣ ರಂಧ್ರಗಳಿಂದ ಹೊರಬಂದು ಅಲಗಿನ ಸುತ್ತ ತೆಳುವಾದ ರಕ್ಷೆಯಂತೆ ಹರಡುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಹೊರಗೆ ತಿರುಚಿದ ವಕ್ರರೇಖೆಯೂ ಒಳಗೆ ಅಂಕುಡೊಂಕಾದ ಟೊಳ್ಳೂ ಇರುವ ಇಂಥ ಭಾಗವನ್ನು ಗಟ್ಟಿ ಲೋಹದ ತುಂಡಿನಿಂದ ಕೊರೆದು ತೆಗೆಯಲು ಯಾವ ಲೇತಿಗೂ ಯಾವ ಡ್ರಿಲ್ಲಿಗೂ ಸಾಧ್ಯವಿಲ್ಲ. ಅದನ್ನು ಮೊದಲು ಮೇಣದಲ್ಲಿ ಮಾಡಿ, ಮೇಣದ ಮೇಲೆ ಪಿಂಗಾಣಿಯಂಥ ಕವಚ ಕಟ್ಟಿ, ಮೇಣವನ್ನು ಕರಗಿಸಿ ಹೊರಹಾಕಿ, ಉಳಿದ ಟೊಳ್ಳಿಗೆ ಲೋಹವನ್ನು ಎರೆಯಬೇಕು. ಕೈಗಾರಿಕೆಯ ಭಾಷೆಯಲ್ಲಿ ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್ ಎನ್ನಿಸಿಕೊಳ್ಳುವ, ಕನ್ನಡದಲ್ಲಿ ಮೇಣದೆರಕ ಎನ್ನಬಹುದಾದ ವಿಧಾನ ಇದೇ.

ಈ ವಿದ್ಯೆಯ ಮೂಲತತ್ತ್ವ ಬಹು ಹಳೆಯದು. ಮೊಹೆಂಜೊದಾರೊದಲ್ಲಿ 1926ರಲ್ಲಿ ದೊರೆತ, ಕೇವಲ ಹತ್ತೂವರೆ ಸೆಂಟಿಮೀಟರ್ ಎತ್ತರದ ನರ್ತಕಿಯ ಕಂಚಿನ ಪ್ರತಿಮೆ ಇದೇ ಬಗೆಯ ಎರಕದ್ದು. ಕನ್ನಡ ನಾಡಿಗೆ ಇದಕ್ಕಿಂತ ಹತ್ತಿರದ ಸಾಕ್ಷ್ಯವೊಂದಿದೆ. ಕಲ್ಯಾಣದಿಂದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಿಗ್ರಹ ಎರೆಯುವ ಕ್ರಮ ಹಂತಹಂತವಾಗಿ ವಿವರಿಸಲ್ಪಟ್ಟಿದೆ. ಮಧೂಚ್ಛಿಷ್ಟದ, ಎಂದರೆ ಜೇನುಮೇಣದ, ಮೂರ್ತಿಗೆ ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ ಮತ್ತು ಉಪ್ಪು ಬೆರೆಸಿ ಅರೆದ ಮಣ್ಣನ್ನು ಮೂರು ಸಲ ಬಳಿಯಬೇಕು, ಮೊದಲ ಲೇಪ ತೀರ ತೆಳುವಾಗಿದ್ದು ನೆರಳಿನಲ್ಲೇ ಒಣಗಬೇಕು, ಎರಡು ದಿನಗಳ ನಂತರ ಎರಡನೆಯದು, ಆಮೇಲೆ ದಪ್ಪನೆಯ ಮೂರನೆಯದು ಎಂದು ಗ್ರಂಥ ವಿಧಿಸುತ್ತದೆ. ಲೋಹ ಒಳಸೇರಲು ದತ್ತೂರಿ ಹೂವಿನ ಆಕಾರದ ನಾಳಗಳನ್ನು ಮೇಣದ ಮೂರ್ತಿಗೇ ಜೋಡಿಸಬೇಕೆನ್ನುವ ಸೂಚನೆಯೂ ಅಲ್ಲಿದೆ. ಮೂರ್ತಿಯ ಮೇಣವನ್ನು ಮೊದಲೇ ತೂಗಿಟ್ಟು, ಬೆಳ್ಳಿಯಾದರೆ ಅದರ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ಲೋಹ ತೆಗೆದುಕೊಳ್ಳಬೇಕೆಂಬ ಲೆಕ್ಕ, ಟೊಳ್ಳಿನ ಗಾತ್ರವನ್ನು ಮೇಣದ ತೂಕದಿಂದಲೇ ಅಳೆಯಬಹುದೆಂಬುದನ್ನು ಆ ಕಾಲದ ಎರಕದವರು ಖಚಿತವಾಗಿ ಅರಿತಿದ್ದರೆಂದು ತೋರಿಸುತ್ತದೆ. ಇಂದಿನ ಎಂಜಿನಿಯರನೂ ಎಷ್ಟು ಲೋಹ ಬೇಕೆಂಬುದನ್ನು ಮೇಣದ ತೂಕ ಮತ್ತು ಸಾಂದ್ರತೆಯ ಅನುಪಾತದಿಂದ ಹಾಗೆಯೇ ಲೆಕ್ಕಹಾಕಬಲ್ಲ. ತೆಳು ಲೇಪ ಮೊದಲು, ದಪ್ಪ ಲೇಪ ಆಮೇಲೆ, ನಡುವೆ ನಿಧಾನವಾದ ಒಣಗುವಿಕೆ ಎಂಬ ಕ್ರಮವೂ ಇಂದಿನ ಫೌಂಡ್ರಿಯಲ್ಲಿ ಬದಲಾಗಿಲ್ಲ.

ವಿಗ್ರಹದ ವಿದ್ಯೆ ಯಂತ್ರಭಾಗದ ವಿದ್ಯೆಯಾದದ್ದು ಹಲ್ಲಿನ ವೈದ್ಯರ ಮೂಲಕ ಎಂಬುದು ಅಷ್ಟಾಗಿ ತಿಳಿಯದ ಸಂಗತಿ. ಅಮೆರಿಕದ ದಂತವೈದ್ಯ ವಿಲಿಯಂ ಟ್ಯಾಗರ್ಟ್ 1907ರಲ್ಲಿ, ಹುಳುಕು ತೆಗೆದ ಹಲ್ಲಿನ ಕುಳಿಗೆ ಕರಾರುವಾಕ್ಕಾಗಿ ಕೂರುವ ಚಿನ್ನದ ತುಂಡನ್ನು ಮೇಣದ ಪಡಿಯಚ್ಚಿನಿಂದ ಎರೆಯುವ ವಿಧಾನವನ್ನೂ ಅದಕ್ಕೆ ಬೇಕಾದ ಯಂತ್ರವನ್ನೂ ಪ್ರಕಟಪಡಿಸಿದ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಈ ಕೆಲಸದಲ್ಲಿ ಪಳಗಿದ ವಿಧಾನ ಎರಡನೆಯ ಮಹಾಯುದ್ಧದ ವೇಳೆಗೆ ಕಾರ್ಖಾನೆಗೆ ಬಂತು. ಎತ್ತರದ ತೆಳುಗಾಳಿಯಲ್ಲಿ ವಿಮಾನದ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊಸೂಪರ್‌ಚಾರ್ಜರ್‌ಗಳಿಗೆ ಬೇಕಾದ ಅಲಗುಗಳು ಕೆಂಪಗೆ ಕಾದರೂ ಸೋಲದ, ಹಾಗಾಗಿಯೇ ಉಳಿಗೂ ಸುತ್ತಿಗೆಗೂ ಬಗ್ಗದ ಲೋಹದವಾಗಿರಬೇಕಿತ್ತು. ಹಲ್ಲಿನ ಚೌಕಟ್ಟುಗಳನ್ನು ಎರೆಯಲು ಬಳಕೆಯಲ್ಲಿದ್ದ ವೈಟಾಲಿಯಂ ಎಂಬ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹವನ್ನೂ ಎರಕದ ಕ್ರಮವನ್ನೂ ಅಮೆರಿಕದ ಆಸ್ಟೆನಲ್ ಪ್ರಯೋಗಾಲಯ ಹೀಗೆ ವಿಮಾನಕ್ಕೆ ಒದಗಿಸಿತು. ಮೊದಲಿಗೆ ಮೇಣವನ್ನು ಇಡಿಯಾಗಿ ಗಾರೆಯಂಥ ದಿಮ್ಮಿಯಲ್ಲಿ ಹುದುಗಿಸಲಾಗುತ್ತಿತ್ತು. ತೆಳು ಕವಚ ಕಟ್ಟುವ ಶೆಲ್ ವಿಧಾನ ವ್ಯಾಪಕವಾದದ್ದು ಯುದ್ಧಾನಂತರ.

ಇಂದಿನ ಕಾರ್ಖಾನೆಯಲ್ಲಿ ಕೆಲಸ ಶುರುವಾಗುವುದು ಡೈನಿಂದ, ಎಂದರೆ ಮೇಣ ತುಂಬಲೆಂದು ಅಲ್ಯೂಮಿನಿಯಂನಲ್ಲಿ ಕೊರೆದ ಅಚ್ಚಿನಿಂದ. ಅಚ್ಚಿನ ಅಳತೆ ಬೇಕಾದ ಭಾಗದ ಅಳತೆಯಲ್ಲ. ಮೇಣ ತಣಿದು ಕುಗ್ಗುವುದನ್ನೂ, ಆಮೇಲೆ ಲೋಹ ಗಟ್ಟಿಯಾಗಿ ತಣಿಯುವಾಗ ಕುಗ್ಗುವುದನ್ನೂ (ಉಕ್ಕಿನಲ್ಲಿ ಇದು ಸುಮಾರು ಶೇ 2) ಮುಂದಾಗಿಯೇ ಕೂಡಿಸಿ ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡಿರುತ್ತಾರೆ. ಮೇಣವೂ ಜೇನುಮೇಣವಲ್ಲ. ಪ್ಯಾರಾಫಿನ್, ಸೂಕ್ಷ್ಮ ಹರಳಿನ ಮೇಣ, ರಾಳ ಮತ್ತು ಕುಗ್ಗುವಿಕೆ ತಗ್ಗಿಸುವ ನುಣುಪು ಪುಡಿಗಳ ಮಿಶ್ರಣವನ್ನು ಸುಮಾರು 60 ಡಿಗ್ರಿಯಲ್ಲಿ ಒತ್ತಡದಿಂದ ಡೈಗೆ ತುಂಬಿ, ಗಟ್ಟಿಯಾದ ಮಾದರಿಗಳನ್ನು ಮೇಣದ್ದೇ ಆದ ನಡುಗಂಬಕ್ಕೆ ಒಂದೊಂದಾಗಿ ಬೆಸೆಯಲಾಗುತ್ತದೆ. ಕೊಂಬೆ ಕೊಂಬೆಗೆ ಭಾಗಗಳನ್ನು ಹೊತ್ತ ಈ ಜೋಡಣೆಗೆ ಟ್ರೀ ಎಂದೇ ಹೆಸರು. ಲೋಹ ಹರಿಯುವ ದಾರಿಯೂ ಅದೇ. ಎರಕದಲ್ಲಿ ಕಾಣುವ ದೋಷಗಳಲ್ಲಿ ಬಹಳಷ್ಟರ ಬೇರು ಈ ಕೋಣೆಯಲ್ಲಿರುತ್ತದೆ. ಬೆಸುಗೆಯಲ್ಲಿ ಒಂದು ಸಂದು ಉಳಿದರೆ ಮುಂದೆ ಅಲ್ಲಿ ಲೇಪ ನುಗ್ಗಿ ಪಿಂಗಾಣಿಯ ಚೂರಾಗಿ ಲೋಹದೊಳಗೆ ಸೇರುತ್ತದೆ; ಮೇಣದ ಮೇಲಿನ ಉಗುರಿನ ಗೀರು ಉಕ್ಕಿನ ಮೇಲಿನ ಗೀರಾಗಿ ಹುಟ್ಟುತ್ತದೆ. ಕೋಣೆಯ ತಾಪ ಕೆಲವೇ ಡಿಗ್ರಿ ಏರಿದರೂ ಮಾದರಿಯ ಅಳತೆ ಬದಲಾಗುವುದರಿಂದ ಮೇಣದ ವಿಭಾಗಕ್ಕೆ ವರ್ಷವಿಡೀ ಹವಾನಿಯಂತ್ರಣ ಬೇಕು.

ಆದರೂ ಇಡೀ ವಿದ್ಯೆಯ ಹೃದಯವಿರುವುದು ಕವಚ ಕಟ್ಟುವ ಕೋಣೆಯಲ್ಲಿ. ನೀರಿನಲ್ಲಿ ತೇಲುವ ಅತಿ ಸೂಕ್ಷ್ಮ ಸಿಲಿಕಾ ಕಣಗಳ ದ್ರವಕ್ಕೆ ಜಿರ್ಕಾನ್ ಖನಿಜದ ನುಣುಪು ಹಿಟ್ಟನ್ನು ಕಲಸಿ ಮಾಡಿದ, ದೋಸೆ ಹಿಟ್ಟಿನ ಹದದ ಸ್ಲರಿ ಎಂಬ ಲೇಪವು ಹಗಲಿರುಳೂ ತಿರುಗುವ ತೊಟ್ಟಿಯಲ್ಲಿರುತ್ತದೆ. ಹದವನ್ನು ಅಳೆಯುವ ಉಪಕರಣ ಬಹು ಸರಳ: ತಳದಲ್ಲಿ ಗೊತ್ತಾದ ಅಳತೆಯ ರಂಧ್ರವಿರುವ ಸಣ್ಣ ಬಟ್ಟಲನ್ನು ಮುಳುಗಿಸಿ ಎತ್ತಿ, ತುಂಬಿದ ಲೇಪ ಪೂರ್ತಿ ಸೋರಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸುತ್ತಾರೆ. ಮೇಣದ ಟ್ರೀಯನ್ನು ಓರೆಯಾಗಿ ಇಳಿಸಿ, ನಿಧಾನವಾಗಿ ತಿರುಗಿಸಿ, ಮೂಲೆಗಳಲ್ಲಿ ಗಾಳಿಗುಳ್ಳೆ ನಿಲ್ಲದಂತೆ ನೋಡಿಕೊಂಡು ಮೇಲೆತ್ತಿ ಸೋರಬಿಡಬೇಕು. ಒಂದು ಗುಳ್ಳೆ ಸಿಕ್ಕಿಕೊಂಡರೂ ಅಲ್ಲಿ ಲೋಹದ ಮಣಿಯೊಂದು ಮೂಡುತ್ತದೆ. ಲೇಪ ಹಸಿಯಾಗಿರುವಾಗಲೇ ಅದರ ಮೇಲೆ ನುಣ್ಣನೆಯ ಮರಳನ್ನು ಮಳೆಯಂತೆ ಉದುರಿಸುತ್ತಾರೆ. ಸ್ಟಕೋ ಎನ್ನಿಸುವ ಈ ಮರಳು ಮುಂದಿನ ಲೇಪಕ್ಕೆ ಹಿಡಿತ ಕೊಡುತ್ತದೆ. ಹೀಗೆ ಆರರಿಂದ ಒಂಬತ್ತು ಸಲ ಲೇಪ, ಮರಳು, ಒಣಗಿಸುವಿಕೆ ನಡೆದು, ಒಳಪದರಕ್ಕೆ ನುಣುಪೂ ಹೊರಪದರಗಳಿಗೆ ಬಲವೂ ಬಂದು, ಹಲವು ಮಿಲಿಮೀಟರ್ ದಪ್ಪದ ಕವಚ ಸಿದ್ಧವಾಗಲು ಸಾಮಾನ್ಯವಾಗಿ ಕೆಲವು ದಿನಗಳೇ ಬೇಕು.

ಒಣಗಿಸುವುದು ಕಾಯುವ ಕೆಲಸ ಮಾತ್ರವೆಂದು ತೋರಬಹುದು. ವಾಸ್ತವದಲ್ಲಿ ಅತ್ಯಂತ ಸೂಕ್ಷ್ಮವಾದ ಹಂತ ಅದೇ. ಲೇಪದ ನೀರು ಆವಿಯಾಗುವಾಗ ಮೇಣ ತಣ್ಣಗಾಗಿ ತುಸು ಕುಗ್ಗುತ್ತದೆ. ನೀರೆಲ್ಲ ಹೋದಮೇಲೆ ಮೇಣ ಮತ್ತೆ ಕೋಣೆಯ ತಾಪಕ್ಕೆ ಮರಳಿ ಹಿಗ್ಗುತ್ತದೆ, ಆದರೆ ಅಷ್ಟರಲ್ಲಿ ಅದರ ಮೇಲಿನ ಪದರ ಗಟ್ಟಿಯಾಗಿರುವುದರಿಂದ ಆ ಹಿಗ್ಗುವಿಕೆಗೆ ಸೀಳುತ್ತದೆ. ಅವಸರದಿಂದ ಬಿಸಿಗಾಳಿ ಬಿಟ್ಟರೆ ಕೆಲಸ ಕೆಡುವುದು ಹೀಗೆ. ಆದ್ದರಿಂದ ಗಾಳಿಯ ತಾಪ, ತೇವ, ವೇಗ ಮೂರನ್ನೂ ಹಿಡಿತದಲ್ಲಿಟ್ಟ ಕೋಣೆಯಲ್ಲೇ ಕವಚ ಒಣಗಬೇಕು. ನೆರಳಿನಲ್ಲಿ ಒಣಗಿಸಬೇಕೆಂಬ ಸೋಮೇಶ್ವರನ ವಿಧಿಯ ಹಿಂದೆಯೂ ಇಂಥ ಅನುಭವವೇ ಇದ್ದಿರಬೇಕು.

ಮೇಣ ಇಳಿಸುವ ಹಂತದಲ್ಲೂ ಇದೇ ಬಗೆಯ ಅಪಾಯವಿದೆ. ಬಿಸಿಗೆ ಮೇಣವು ಕವಚಕ್ಕಿಂತ ಬಹಳ ಹೆಚ್ಚು ಹಿಗ್ಗುವುದರಿಂದ, ನಿಧಾನವಾಗಿ ಕಾಯಿಸಿದರೆ ಅದು ಕರಗುವ ಮೊದಲೇ ಕವಚವನ್ನು ಒಡೆದುಹಾಕುತ್ತದೆ. ಇದಕ್ಕೆ ಪರಿಹಾರವೆಂದರೆ ತಟ್ಟನೆ ಕಾಯಿಸುವುದು. ಆಟೋಕ್ಲೇವ್ ಎಂಬ ಮುಚ್ಚಿದ ಪಾತ್ರೆಯೊಳಗೆ ಕೆಲವೇ ಸೆಕೆಂಡುಗಳಲ್ಲಿ ಒತ್ತಡದ ಹಬೆಯನ್ನು ತುಂಬಿದರೆ, ಮೇಣದ ಒಡಲು ಬಿಸಿಯಾಗುವ ಮೊದಲು ಅದರ ಮೇಲ್ಪೊರೆ ಮಾತ್ರ ಕರಗಿ ಹರಿದು, ಉಳಿದ ಮೇಣ ಹಿಗ್ಗಲು ಜಾಗವಾಗುತ್ತದೆ. ಇಳಿದ ಮೇಣವನ್ನು ಶುದ್ಧಿ ಮಾಡಿ ಮತ್ತೆ ಬಳಸುತ್ತಾರೆ. ಬರಿದಾದ ಕವಚವನ್ನು ಸುಮಾರು 1,000 ಡಿಗ್ರಿಯಲ್ಲಿ ಸುಟ್ಟು, ಅದು ಕೆಂಪಗಿರುವಾಗಲೇ ಲೋಹವನ್ನು ಹುಯ್ಯುವುದರಿಂದ ತೆಳುವಾದ ಅಂಚುಗಳೂ ಗಟ್ಟಿಯಾಗುವ ಮೊದಲೇ ತುಂಬಿಕೊಳ್ಳುತ್ತವೆ. ನೋಡುವವರ ಕಣ್ಣು ಸೆಳೆಯುವುದು ಈ ಕೆಂಡದ ಧಾರೆಯಾದರೂ ಭಾಗದ ನಿಖರತೆ ಅಷ್ಟರಲ್ಲಾಗಲೇ ನಿರ್ಧಾರವಾಗಿ ಹೋಗಿರುತ್ತದೆ. ಆಮೇಲಿನದು ಕವಚ ಒಡೆಯುವ, ಕೊಂಬೆಗಳಿಂದ ಕತ್ತರಿಸುವ, ಉಜ್ಜುವ, ಉಷ್ಣೋಪಚಾರ ನೀಡುವ ಕೆಲಸ. ಹೀಗೆ ಹುಟ್ಟಿದ ಭಾಗ 25 ಮಿಲಿಮೀಟರ್ ಉದ್ದಕ್ಕೆ ಸುಮಾರು 0.1 ಮಿಲಿಮೀಟರ್‌ನಷ್ಟು ಮಾತ್ರ ಆಚೀಚೆಯಾಗುತ್ತದೆ. ಮರಳಿನ ಅಚ್ಚಿನ ಎರಕ ಇದರ ಹತ್ತಿರಕ್ಕೂ ಬರುವುದಿಲ್ಲ. ಕವಾಟ, ಪಂಪಿನ ಚಕ್ರ, ಮಂಡಿ ಬದಲಿ ಶಸ್ತ್ರಚಿಕಿತ್ಸೆಯಲ್ಲಿ ತೊಡೆಮೂಳೆಯ ತುದಿಗೆ ಕೂರಿಸುವ ಕೋಬಾಲ್ಟ್-ಕ್ರೋಮಿಯಂ ಕವಚ ಮುಂತಾದವೆಲ್ಲ ಈ ದಾರಿಯಲ್ಲಿ ಬರುತ್ತವೆ. ದೊಡ್ಡ, ಒರಟು, ಅಗ್ಗದ ಎರಕಕ್ಕೆ ಈ ವಿಧಾನ ಸಲ್ಲದು. ಅದಕ್ಕೆ ಮರಳೇ ಸರಿ.

ಟರ್ಬೈನ್ ಅಲಗಿನ ಒಳದಾರಿಗಳಿಗೆ ಇನ್ನೂ ಒಂದು ಉಪಾಯ ಬೇಕು. ಆ ದಾರಿಗಳ ಆಕಾರವನ್ನೇ ಹೋಲುವ ಪಿಂಗಾಣಿಯ ತಿರುಳನ್ನು, ಅಂದರೆ ಕೋರನ್ನು, ಮೊದಲು ಡೈನೊಳಗಿಟ್ಟು ಅದರ ಸುತ್ತ ಮೇಣ ತುಂಬುತ್ತಾರೆ. ಮೇಣ ಹೋದರೂ ಕೋರ್ ಕವಚದೊಳಗೆ ನಿಂತಿರುತ್ತದೆ, ಲೋಹ ಅದರ ಸುತ್ತ ಗಟ್ಟಿಯಾಗುತ್ತದೆ. ಕೊನೆಗೆ ಬಿಸಿಯಾದ ಕ್ಷಾರದ್ರವ ಅದನ್ನು ಕರಗಿಸಿ ಹೊರತೆಗೆದಾಗ ನಿಕ್ಕಲ್‌ಗೆ ಏನೂ ಆಗದೆ ಗಾಳಿದಾರಿ ಉಳಿಯುತ್ತದೆ.

ಅಲಗಿಗೆ ಕ್ರೀಪ್ ಎಂಬ ಮತ್ತೊಂದು ಶತ್ರುವಿದೆ. ಕಾದ ಲೋಹ ಎಡೆಬಿಡದ ಎಳೆತಕ್ಕೆ ಸಿಕ್ಕಿ ಸಾವಿರಾರು ಗಂಟೆಗಳಲ್ಲಿ ಸ್ವಲ್ಪಸ್ವಲ್ಪವೇ ಉದ್ದವಾಗುವುದಕ್ಕೆ ಈ ಹೆಸರು. ಚಕ್ರ ತಿರುಗುವ ವೇಗಕ್ಕೆ ಒಂದೊಂದು ಅಲಗಿನ ಮೇಲೂ ಟನ್ನುಗಟ್ಟಲೆ ಎಳೆತ ಬೀಳುವುದರಿಂದ ಇದನ್ನು ಕಡೆಗಣಿಸುವಂತಿಲ್ಲ. ಸಾಮಾನ್ಯ ಲೋಹ ಅಸಂಖ್ಯ ಸಣ್ಣ ಹರಳುಗಳ ಒಟ್ಟಿಲು, ಮತ್ತು ಹರಳು ಹರಳಿನ ನಡುವಿನ ಗಡಿಗಳೇ ಬಿಸಿಯಲ್ಲಿ ಮೊದಲು ಸೋಲುವ ಜಾಗಗಳು. ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿಯಲ್ಲಿ 1960ರ ದಶಕದಲ್ಲಿ ಫ್ರಾಂಕ್ ವರ್‌ಸ್ನೈಡರ್ ಮತ್ತು ಸಂಗಡಿಗರು ಈ ಗಡಿಗಳನ್ನೇ ಇಲ್ಲವಾಗಿಸುವ ದಾರಿ ಹುಡುಕಿದರು. ನಿರ್ವಾತ ಕುಲುಮೆಯಲ್ಲಿ ನೀರಿನಿಂದ ತಂಪಾಗಿಸಿದ ತಾಮ್ರದ ತಟ್ಟೆಯ ಮೇಲೆ ಕವಚವನ್ನಿಟ್ಟು ಲೋಹ ತುಂಬಿ, ಬಿಸಿವಲಯದಿಂದ ನಿಮಿಷಕ್ಕೆ ಕೆಲವೇ ಮಿಲಿಮೀಟರಿನಂತೆ ಕೆಳಗಿಳಿಸಿದರೆ, ಲೋಹ ಕೆಳಗಿನಿಂದ ಮೇಲಕ್ಕೆ ಮಾತ್ರ ಗಟ್ಟಿಯಾಗುತ್ತ ಹೋಗುತ್ತದೆ. ತಟ್ಟೆಯ ಮೇಲೆ ಹುಟ್ಟುವ ಹರಳುಗಳು ಹಲವಾದರೂ ಅಲಗಿನ ಬುಡದಲ್ಲಿ ತಿರುಪಿನಂತೆ ಸುತ್ತಿದ ಇಕ್ಕಟ್ಟಿನ ದಾರಿಯೊಂದನ್ನು ಇಟ್ಟಿರುವುದರಿಂದ ಅವುಗಳಲ್ಲಿ ಒಂದು ಮಾತ್ರ ಅದನ್ನು ದಾಟಿ ಮೇಲೆ ಬಂದು, ಇಡೀ ಅಲಗಾಗಿ ಬೆಳೆಯುತ್ತದೆ. ಇಂಥ ಏಕಹರಳಿನ ಅಲಗುಗಳು 1982ರಲ್ಲಿ ಜೆಟಿ9ಡಿ-7ಆರ್4 ಎಂಜಿನ್ನಿನ ಮೂಲಕ ಪ್ರಯಾಣಿಕ ವಿಮಾನಗಳಲ್ಲಿ ಬಳಕೆಗೆ ಬಂದವು. ಸಿದ್ಧವಾದ ಪ್ರತಿ ಅಲಗೂ ಕ್ಷಕಿರಣದಲ್ಲಿ ಹರಳಿನ ದಿಕ್ಕನ್ನು ತೋರಿಸಿ, ಬಿರುಕಿದ್ದಲ್ಲಿ ನೇರಳಾತೀತ ಬೆಳಕಿಗೆ ಹೊಳೆಯುವ ದ್ರವದ ಪರೀಕ್ಷೆಯಲ್ಲಿ ಗೆದ್ದು ಹೊರಬರಬೇಕು.

ಭಾರತದಲ್ಲಿ ಸಾಧಾರಣ ಉಕ್ಕಿನ ಮೇಣದೆರಕ ಈಗ ಅಪರೂಪವೇನಲ್ಲ. ಗುಜರಾತಿನ ರಾಜಕೋಟ್ ಇದರ ದೊಡ್ಡ ಕೇಂದ್ರ. ಆದರೆ ಏಕಹರಳಿನ ಅಲಗಿನ ವಿದ್ಯೆ ಬೆರಳೆಣಿಕೆಯ ದೇಶಗಳಲ್ಲಷ್ಟೇ ಇದೆ, ಮತ್ತು ಯಾರೂ ಅದನ್ನು ಮತ್ತೊಬ್ಬರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನಕ್ಷೆಯನ್ನೂ ಕುಲುಮೆಯನ್ನೂ ಕೊಳ್ಳಬಹುದು. ಸ್ಲರಿಯ ಹದ, ಕೋರ್ ಸುಡುವ ಕ್ರಮ, ಕವಚ ಇಳಿಸುವ ವೇಗ ಇವುಗಳ ನಡುವಿನ ಹೊಂದಾಣಿಕೆಯನ್ನು ಪ್ರತಿ ದೇಶವೂ ತಾನೇ ಎರೆದು, ಕೆಡಿಸಿ, ಮತ್ತೆ ಎರೆದು ಕಲಿಯಬೇಕು. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾ ಪ್ರಯೋಗಾಲಯ ಹಾಗೆ ಕಲಿತ ಫಲವಾಗಿ, ಹೆಲಿಕಾಪ್ಟರ್ ಎಂಜಿನ್ನಿಗೆಂದು ಐದು ಸೆಟ್‌ಗಳಲ್ಲಿ ಒಟ್ಟು 300 ಏಕಹರಳಿನ ಅಲಗುಗಳನ್ನು ತಯಾರಿಸುವ ಯೋಜನೆ ಕೈಗೊಂಡಿತು. ಅವುಗಳಲ್ಲಿ ಮೊದಲ 60ನ್ನು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಗೆ ಪೂರೈಸಿರುವುದನ್ನು ಪ್ರಯೋಗಾಲಯದ ಮಾತೃಸಂಸ್ಥೆಯಾದ ಡಿಆರ್‌ಡಿಒ 2021ರ ಏಪ್ರಿಲ್‌ನಲ್ಲಿ ಪ್ರಕಟಿಸಿತು.