ಕ್ಯಾನ್ಸರ್ ಚಿಕಿತ್ಸೆ: ‘ಕರೆಂಟ್’ಗೆ ಮುನ್ನ ಹಲ್ಲು ತೋರಿಸಿ

ದಾವಣಗೆರೆ: ಬಾಯಿ, ನಾಲಿಗೆ ಅಥವಾ ಗಂಟಲಿನಲ್ಲಿ ಕ್ಯಾನ್ಸರ್ ಇದೆಯೆಂದು ಖಚಿತವಾದ ಕ್ಷಣದಿಂದ ಮನೆಯವರ ಓಡಾಟವೆಲ್ಲ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಹಾಗೂ ಖರ್ಚುವೆಚ್ಚದ ಸುತ್ತಲೇ ನಡೆಯುತ್ತದೆ. ಆ ಅವಸರದಲ್ಲಿ ರೋಗಿಯ ಬಾಯಿಯಲ್ಲಿರುವ ಹುಳುಕು ಹಲ್ಲಿನತ್ತ ಗಮನ ಹರಿಯುವುದು ಅಪರೂಪ. ಆದರೆ ಕ್ಯಾನ್ಸರ್ ವಾಸಿಯಾಗಿ ವರ್ಷಗಳು ಕಳೆದ ಮೇಲೂ ಅದೇ ಹಲ್ಲು ದವಡೆಯ ಮೂಳೆಗೆ ಕುತ್ತು ತರಬಲ್ಲದು.

ಜನರ ಮಾತಿನಲ್ಲಿ ‘ಕರೆಂಟ್’ ಎನಿಸಿಕೊಂಡಿರುವ ವಿಕಿರಣ ಚಿಕಿತ್ಸೆಯನ್ನು ಬಾಯಿ ಮತ್ತು ಗಂಟಲಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6ರಿಂದ 7 ವಾರ ನೀಡಲಾಗುತ್ತದೆ. ಒಟ್ಟು ಪ್ರಮಾಣ 60ರಿಂದ 70 ಗ್ರೇವರೆಗೆ ಇರುತ್ತದೆ. ಈ ಕಿರಣಗಳು ರೋಗಕಣಗಳನ್ನು ನಾಶ ಮಾಡುವುದರ ಜೊತೆಗೆ, ಹಾದಿಯಲ್ಲಿರುವ ಜೊಲ್ಲುಗ್ರಂಥಿಗಳನ್ನೂ ದವಡೆಯ ಸೂಕ್ಷ್ಮ ರಕ್ತನಾಳಗಳನ್ನೂ ಘಾಸಿಗೊಳಿಸುತ್ತವೆ.

ಜೊಲ್ಲು ಬರಿಯ ನೀರಲ್ಲ. ಅದು ಆಹಾರದ ಕಣಗಳನ್ನು ತೊಳೆಯುತ್ತದೆ, ಆಮ್ಲವನ್ನು ತಗ್ಗಿಸುತ್ತದೆ, ಹಲ್ಲಿನ ಕವಚಕ್ಕೆ ಖನಿಜವನ್ನು ಮರಳಿ ಒದಗಿಸುತ್ತದೆ. ಜೊಲ್ಲು ಬತ್ತಿದರೆ ಅದುವರೆಗೆ ಗಟ್ಟಿಯಾಗಿದ್ದ ಹಲ್ಲುಗಳೂ ವಸಡಿನ ಅಂಚಿನಲ್ಲಿ ಸುತ್ತಲೂ ಹುಳುಕಾಗಿ, ಕೆಲವೇ ತಿಂಗಳಲ್ಲಿ ಮುರಿದು ಬೀಳಬಹುದು.

ದವಡೆಗೆ ಕಾದಿರುವ ಅಪಾಯ

ಎರಡನೆಯ ಹಾನಿ ಇನ್ನೂ ಗಂಭೀರ. ರಕ್ತಸಂಚಾರ ಕುಗ್ಗಿದ ಮೂಳೆಗೆ ಗಾಯವನ್ನು ಮಾಯಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ವಿಕಿರಣದ ಬಳಿಕ ಹಲ್ಲು ಕಿತ್ತರೆ ಆ ಗಾಯ ಕೂಡಿಕೊಳ್ಳದೆ, ಮೂಳೆ ಹೊರಗೆ ಕಾಣಿಸಿಕೊಂಡು ನಿರ್ಜೀವವಾಗಬಹುದು. ಮೇಲ್ದವಡೆಗಿಂತ ಕೆಳದವಡೆಯಲ್ಲಿ ಈ ಅಪಾಯ ಹೆಚ್ಚು. ಸ್ಥಿತಿ ವಿಷಮಿಸಿದರೆ ದವಡೆಯ ಒಂದು ಭಾಗವನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ವರ್ಷಗಳು ಉರುಳಿದರೂ ಈ ಅಪಾಯ ಪೂರ್ತಿಯಾಗಿ ದೂರವಾಗುವುದಿಲ್ಲ.

ಆದ್ದರಿಂದಲೇ ಉಳಿಸಲಾಗದ ಹಲ್ಲನ್ನು ವಿಕಿರಣ ಆರಂಭವಾಗುವ ಮೊದಲೇ ತೆಗೆಸಬೇಕು. ಗಾಯ ಮಾಯಲು ಕನಿಷ್ಠ 2 ವಾರ ಬೇಕು. 3 ವಾರ ದೊರೆತರೆ ಇನ್ನೂ ಒಳ್ಳೆಯದು. ಶಸ್ತ್ರಚಿಕಿತ್ಸೆಗೆ ಒಳಗಾಗುವವರಿಗೆ ಅದೇ ಸಂದರ್ಭದಲ್ಲಿ ಕೆಟ್ಟ ಹಲ್ಲನ್ನು ತೆಗೆಯುವುದೂ ಉಂಟು. ಹಾಗೆಂದು ಹಲ್ಲಿನ ನೆಪದಲ್ಲಿ ಕ್ಯಾನ್ಸರ್ ಚಿಕಿತ್ಸೆಯನ್ನು ಮುಂದೂಡಬಾರದು. ರೋಗ ಪತ್ತೆಯಾದ ವಾರದಲ್ಲಿಯೇ ದಂತವೈದ್ಯರನ್ನು ಕಂಡರೆ ಎರಡಕ್ಕೂ ಕಾಲಾವಕಾಶ ದೊರೆಯುತ್ತದೆ.

ಈ ವಿಷಯದಲ್ಲಿ ದಾವಣಗೆರೆ ಅದೃಷ್ಟದ ಊರು. 1979ರಲ್ಲಿ ಆರಂಭವಾದ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಸೇರಿದಂತೆ ಇಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಸುಮಾರು 14 ಕಿ.ಮೀ. ದೂರದ ಹರಿಹರದಿಂದ ಬಸ್ಸು ಹತ್ತಿದರೆ ಅದೇ ದಿನ ತೋರಿಸಿಕೊಂಡು ಮರಳಬಹುದು. ಚಿಕಿತ್ಸೆಗಾಗಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೊರಟವರೂ ಊರು ಬಿಡುವ ಮುನ್ನ ಈ ತಪಾಸಣೆ ಮುಗಿಸಿಕೊಂಡು, ಅದರ ವರದಿ ಮತ್ತು ಎಕ್ಸ್‌ರೇಯನ್ನು ಜೊತೆಗೆ ಒಯ್ಯುವುದು ಲೇಸು.

ಚನ್ನಗಿರಿಯಂಥ ಅಡಿಕೆ ಸೀಮೆಯನ್ನು ಒಳಗೊಂಡ ಜಿಲ್ಲೆಗೆ ಇನ್ನೊಂದು ಮಾತು ಅನ್ವಯಿಸುತ್ತದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ವರ್ಗೀಕರಿಸಿತು. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಬಾಯಿಯ ಒಳಪದರ ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗುವುದುಂಟು. ವಿಕಿರಣದಿಂದ ಈ ಬಿಗಿತ ಹೆಚ್ಚಿದರೆ ಹಿಂದಿನ ಹಲ್ಲುಗಳಿಗೆ ವೈದ್ಯರ ಕೈಯೇ ತಲುಪದು. ವೈದ್ಯರು ಹೇಳಿಕೊಟ್ಟ ಬಾಯಿ ತೆರೆಯುವ ವ್ಯಾಯಾಮವನ್ನು ನಿತ್ಯವೂ ಮಾಡಬೇಕು.

ಕಿಮೋಥೆರಪಿ ಪಡೆಯುವವರಿಗೆ

ಕಿಮೋಥೆರಪಿ ಪಡೆದ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣ ಹಾಗೂ ಪ್ಲೇಟ್‌ಲೆಟ್‌ಗಳು ಕುಸಿಯುವುದು ಸಾಮಾನ್ಯ. ಆಗ ಹಲ್ಲಿನ ಸಣ್ಣ ಕೀವೂ ರಕ್ತಕ್ಕೆ ಹರಡಿ ಪ್ರಾಣಕ್ಕೆ ಎರವಾಗಬಹುದು. ಕ್ಯಾನ್ಸರ್ ವೈದ್ಯರ ಒಪ್ಪಿಗೆ ಮತ್ತು ರಕ್ತಪರೀಕ್ಷೆಯ ವರದಿ ಇಲ್ಲದೆ ಹಲ್ಲಿನ ಯಾವ ಚಿಕಿತ್ಸೆಯನ್ನೂ ಮಾಡಿಸಬಾರದು. ಮೂಳೆಗೆ ಹರಡಿದ ಕ್ಯಾನ್ಸರ್‌ಗೆ ನೀಡುವ ಜೋಲೆಡ್ರೋನಿಕ್ ಆಸಿಡ್, ಡೆನೊಸುಮ್ಯಾಬ್ ಚುಚ್ಚುಮದ್ದುಗಳಿಂದಲೂ ದವಡೆಯ ಮೂಳೆ ನಿರ್ಜೀವವಾಗುವ ಸಂಭವವಿದೆ. ಸ್ತನ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳೂ ಈ ಔಷಧ ಆರಂಭಿಸುವ ಮುನ್ನ ಹಲ್ಲು ತೋರಿಸಬೇಕು.

ಮನೆಯಲ್ಲಿ ಆರೈಕೆ

ಮೃದುವಾದ ಬ್ರಷ್ಷಿನಿಂದ ದಿನಕ್ಕೆ ಎರಡು ಬಾರಿಯಾದರೂ ಹಲ್ಲುಜ್ಜಬೇಕು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಬೆರೆಸಿ ದಿನಕ್ಕೆ ಹಲವು ಬಾರಿ ಮುಕ್ಕಳಿಸಬೇಕು. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಬಾಯಿಹುಣ್ಣು ಇರುವಾಗ ಖಾರ ಮಂಡಕ್ಕಿ, ಮಿರ್ಚಿ, ಗರಿಗರಿ ದೋಸೆಗಳನ್ನು ಬದಿಗಿಟ್ಟು ಗಂಜಿ, ರಾಗಿ ಅಂಬಲಿ, ಮೆತ್ತಗಿನ ಅನ್ನ ಹಾಗೂ ಬೇಳೆಕಟ್ಟನ್ನು ಆರಿಸಿ ಕೊಡಬೇಕು. ಬಾಯಿ ಒಣಗಿತೆಂದು ಸಕ್ಕರೆ ಪೆಪ್ಪರ್‌ಮಿಂಟ್ ಚೀಪುವುದು ಹುಳುಕನ್ನು ಕರೆದು ತಂದಂತೆ. ಆಗಾಗ ನೀರು ಗುಟುಕರಿಸುವುದೇ ಸರಿ.

ದಂತವೈದ್ಯರು ಫ್ಲೋರೈಡ್ ಜೆಲ್ ಸೂಚಿಸಿದರೆ ಅಂಜಬೇಕಿಲ್ಲ. ಜಗಳೂರು ಭಾಗದವರಿಗೆ ಫ್ಲೋರೈಡ್ ಎಂದರೆ ಹಲ್ಲು, ಮೂಳೆ ಕೆಡಿಸುವ ಕೊಳವೆಬಾವಿಯ ನೀರು ನೆನಪಾಗುವುದು ಸಹಜ. ಆದರೆ ಕುಡಿಯುವ ನೀರಿನ ಮೂಲಕ ವರ್ಷಗಟ್ಟಲೆ ಹೊಟ್ಟೆಗೆ ಸೇರುವುದು ಬೇರೆ, ಕೆಲವು ನಿಮಿಷ ಹಲ್ಲಿಗೆ ಹಚ್ಚಿ ಉಗಿಯುವುದು ಬೇರೆ. ಜೊಲ್ಲು ಬತ್ತಿದ ಬಾಯಿಯಲ್ಲಿ ಈ ಜೆಲ್ಲೇ ಹಲ್ಲಿಗೆ ಕಾವಲು.

ಚಿಕಿತ್ಸೆ ಮುಗಿದರೂ ಎಚ್ಚರಿಕೆ ಮುಗಿಯದು. ಎಷ್ಟೇ ವರ್ಷಗಳ ನಂತರ ಹಲ್ಲುನೋವು ಬಂದರೂ, ಕುರ್ಚಿಯಲ್ಲಿ ಕೂರುವ ಮೊದಲೇ ‘ಕರೆಂಟ್ ಕೊಡಿಸಿದೆ’ ಎಂದು ದಂತವೈದ್ಯರಿಗೆ ತಿಳಿಸಿ ಹಳೆಯ ಕಡತವನ್ನು ತೋರಿಸಬೇಕು. ಆಗ ಅವರು ಹಲ್ಲು ಕೀಳುವ ಬದಲು ಬೇರಿನ ಚಿಕಿತ್ಸೆ ಮಾಡಿ, ಬೇರನ್ನು ಅಲ್ಲಿಯೇ ಉಳಿಸುವ ದಾರಿ ಹುಡುಕಬಲ್ಲರು. ಈ ಒಂದು ಮಾತು ದವಡೆಯನ್ನು ಉಳಿಸಬಹುದು.