ಅಲಕ್ಷ್ಯದ ಸೇವೆ: ಗ್ರಾಹಕರು ಬರಿಗೈಯಲ್ಲಿ ಮರಳದಿರಲು ಅನುಸರಿಸಬೇಕಾದ ಕ್ರಮಗಳು

(ಸಾರ್ವಜನಿಕರ ಮಾಹಿತಿಗಾಗಿ)

"ಸರ್ವರ್ ಇಲ್ಲ, ನಾಳೆ ಬನ್ನಿ." "ಇದು ನನ್ನ ಕೆಲಸವಲ್ಲ, ಮುಂದಿನ ಕೌಂಟರಿನಲ್ಲಿ ಕೇಳಿ." "ನಿಮ್ಮ ದೂರು ದಾಖಲಾಗಿದೆ, ಕಾಯಿರಿ." ಬ್ಯಾಂಕು, ದೂರವಾಣಿ ಸಂಸ್ಥೆ, ಅಂಗಡಿ, ವಿದ್ಯುತ್ ಕಚೇರಿ, ಸರ್ಕಾರಿ ಕಚೇರಿ ಹೀಗೆ ಯಾವುದೇ ಸ್ಥಳದಲ್ಲಿ ನಾಗರಿಕರು ಇಂತಹ ಮಾತುಗಳನ್ನು ಕೇಳಿಯೇ ಇರುತ್ತಾರೆ. ದಿನಗೂಲಿ ನೌಕರನೊಬ್ಬ ಒಂದು ಸಹಿಗಾಗಿ ಮೂರು ಬಾರಿ ಬಂದು ಹೋದರೆ ಮೂರು ದಿನದ ಕೂಲಿ ಹೋಗುತ್ತದೆ. ಈ ನಷ್ಟವು ಯಾವ ರಸೀದಿಯಲ್ಲಿಯೂ ನಮೂದಾಗುವುದಿಲ್ಲ. ಆದ್ದರಿಂದಲೇ ಅದನ್ನು ಯಾರೂ ಭರಿಸುವುದೂ ಇಲ್ಲ.

ಇಂತಹ ಸಂದರ್ಭಗಳಲ್ಲಿ ಬಹುಪಾಲು ಗ್ರಾಹಕರು ಎರಡರಲ್ಲಿ ಒಂದನ್ನು ಮಾಡುತ್ತಾರೆ: ಕೌಂಟರಿನಲ್ಲಿ ಕುಳಿತ ನೌಕರರೊಂದಿಗೆ ವಾಗ್ವಾದ ಮಾಡುತ್ತಾರೆ, ಇಲ್ಲವೇ ಹಣೆಬರಹವೆಂದು ಸುಮ್ಮನೆ ಮನೆಗೆ ಮರಳುತ್ತಾರೆ. ಈ ಎರಡರಿಂದಲೂ ಪ್ರಯೋಜನವಿಲ್ಲ. ಕಾನೂನು ಗ್ರಾಹಕರ ಪರವಾಗಿದೆ. ಆದರೆ ಕಾನೂನಿನ ಮುಂದೆ ನಿಲ್ಲುವುದು ಮಾತಲ್ಲ, ದಾಖಲೆ. ಸದರಿ ದಾಖಲೆಯನ್ನು ಮೊದಲ ದಿನದಿಂದಲೇ ಸಿದ್ಧಪಡಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

1. ಸೇವಾ ನ್ಯೂನತೆ ಎಂದರೇನು?

1986ರ ಗ್ರಾಹಕರ ಸಂರಕ್ಷಣಾ ಅಧಿನಿಯಮದ ಸ್ಥಾನದಲ್ಲಿ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019 ಬಂದಿದ್ದು, ಇದು 2020ರ ಜುಲೈ ತಿಂಗಳಿನಲ್ಲಿ ಜಾರಿಗೆ ಬಂದಿದೆ. ಇದರ ಪ್ರಕಾರ, ಸೇವೆಯ ಗುಣಮಟ್ಟದಲ್ಲಿ ಅಥವಾ ಸೇವೆ ನೀಡುವ ವಿಧಾನದಲ್ಲಿ ಇರುವ ದೋಷ, ಕೊರತೆ ಅಥವಾ ಅಪೂರ್ಣತೆಯು "ಸೇವಾ ನ್ಯೂನತೆ" ಎನಿಸುತ್ತದೆ. ಅಲಕ್ಷ್ಯದಿಂದ ಗ್ರಾಹಕರಿಗೆ ನಷ್ಟ ಉಂಟುಮಾಡುವುದು ಹಾಗೂ ತಿಳಿಸಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದು ಸಹ 2019ರ ಅಧಿನಿಯಮದಲ್ಲಿ ಸ್ಪಷ್ಟವಾಗಿ ಸೇರಿವೆ.

ಎರಡು ಅಂಶಗಳನ್ನು ಗಮನದಲ್ಲಿಡುವುದು ಅವಶ್ಯ. ಮೊದಲನೆಯದಾಗಿ, ಸೇವೆಗೆ ಪ್ರತಿಫಲ ಸಂದಾಯವಾಗಿರಬೇಕು ಅಥವಾ ಸಂದಾಯ ಮಾಡುವುದಾಗಿ ಒಪ್ಪಿರಬೇಕು. ಉಚಿತ ಸೇವೆಯು ಈ ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಎರಡನೆಯದಾಗಿ, ಪ್ರತಿಯೊಂದು ವಿಳಂಬವೂ ನ್ಯೂನತೆಯಲ್ಲ. ಹಬ್ಬದ ಮುನ್ನಾದಿನ ಬ್ಯಾಂಕಿನಲ್ಲಿ ಅರ್ಧ ಗಂಟೆ ಸರದಿಯಲ್ಲಿ ನಿಲ್ಲಬೇಕಾಗಿ ಬಂದರೆ ಅದು ಬೇಸರದ ಸಂಗತಿಯೇ ಹೊರತು ದೂರಿನ ವಿಷಯವಲ್ಲ. ನಿಯಮದಲ್ಲಿ ಅಥವಾ ಒಪ್ಪಂದದಲ್ಲಿ ನಿಗದಿಯಾದ ಅವಧಿ ಮೀರಿದ್ದರೆ ಅದು ದೂರಿನ ವಿಷಯವಾಗುತ್ತದೆ.

2. ಒಂದು ಉದಾಹರಣೆ

ವ್ಯಕ್ತಿಯೊಬ್ಬರು ತಾಯಿಯ ಔಷಧಿಗಾಗಿ ತಿಂಗಳ 1ನೇ ತಾರೀಖಿನಂದು ಎಟಿಎಂನಿಂದ ರೂ.5,000 ಪಡೆಯಲು ಹೋಗುತ್ತಾರೆ ಎಂದಿಟ್ಟುಕೊಳ್ಳೋಣ. ಯಂತ್ರದಿಂದ ಹಣ ಬರುವುದಿಲ್ಲ. ಆದರೆ ಖಾತೆಯಿಂದ ಕಡಿತವಾದ ಸಂದೇಶ ಮೊಬೈಲಿಗೆ ಬರುತ್ತದೆ. ಶಾಖೆಯಲ್ಲಿ ವಿಚಾರಿಸಿದಾಗ "ತಾನಾಗಿಯೇ ಜಮೆಯಾಗುತ್ತದೆ" ಎಂಬ ಉತ್ತರ ದೊರೆಯುತ್ತದೆ. ಮರುವಾರವೂ ಅದೇ ಉತ್ತರ. ಕೊನೆಗೆ 26ನೇ ತಾರೀಖಿನಂದು ರೂ.5,000 ಜಮೆಯಾಗುತ್ತದೆ. ಹಣ ಬಂದಿತಲ್ಲ ಎಂಬ ನೆಮ್ಮದಿಯಿಂದ ಅವರು ಪ್ರಕರಣವನ್ನು ಮರೆಯುತ್ತಾರೆ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಭಾರತೀಯ ರಿಸರ್ವ್ ಬ್ಯಾಂಕು ದಿನಾಂಕ 20-09-2019ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಇಂತಹ ಮೊತ್ತವನ್ನು ವ್ಯವಹಾರದ ದಿನದ ನಂತರ ಹೆಚ್ಚೆಂದರೆ 5 ದಿನಗಳೊಳಗೆ ಮರುಜಮೆ ಮಾಡತಕ್ಕದ್ದು. ತಪ್ಪಿದಲ್ಲಿ ವಿಳಂಬದ ಪ್ರತಿ ದಿನಕ್ಕೆ ರೂ.100ರಂತೆ ಖಾತೆದಾರರಿಗೆ ಪರಿಹಾರ ನೀಡತಕ್ಕದ್ದು. ಮೇಲ್ಕಂಡ ಪ್ರಕರಣದಲ್ಲಿ 6ನೇ ತಾರೀಖಿಗೆ ಅವಧಿ ಮುಗಿದಿದೆ. 7ರಿಂದ 26ರವರೆಗೆ 20 ದಿನಗಳ ವಿಳಂಬವಾಗಿದ್ದು, ಪರಿಹಾರದ ಮೊತ್ತ ರೂ.2,000 ಆಗುತ್ತದೆ. ಗ್ರಾಹಕರು ಕೇಳುವವರೆಗೆ ಕಾಯದೆ ಬ್ಯಾಂಕು ತಾನಾಗಿಯೇ ಇದನ್ನು ಜಮೆ ಮಾಡಬೇಕೆಂದೂ ಸದರಿ ಸುತ್ತೋಲೆಯಲ್ಲಿ ಹೇಳಿದೆ. ಜಮೆಯಾಗದಿದ್ದಲ್ಲಿ ಕೇಳುವ ಹಕ್ಕು ಗ್ರಾಹಕರಿಗಿದೆ.

ಈ ವ್ಯಕ್ತಿ ಎರಡು ಬಾರಿ ಶಾಖೆಗೆ ಹೋಗಿದ್ದರೂ ಒಂದು ಸಾಲನ್ನೂ ಬರೆದು ಕೊಟ್ಟಿಲ್ಲ. ಹೀಗಾಗಿ ತಾನು ಯಾವಾಗ ದೂರಿದೆ, ಯಾರು ಏನು ಹೇಳಿದರು ಎಂಬುದಕ್ಕೆ ಅವರ ಬಳಿ ಆಧಾರವಿಲ್ಲ. ದೂರು ಪತ್ರಗಳನ್ನು ಪರಿಶೀಲಿಸುವಾಗ ಪದೇ ಪದೇ ಕಂಡುಬರುವ ಕೊರತೆಯೂ ಇದೇ ಆಗಿದೆ. ಪತ್ರದ ತುಂಬ ನೋವು ಇರುತ್ತದೆ, ಆದರೆ ದಿನಾಂಕವಿರುವುದಿಲ್ಲ.

3. ಗ್ರಾಹಕರು ಇಟ್ಟುಕೊಳ್ಳಬೇಕಾದ ದಾಖಲೆಗಳು

(ಅ) ಬಿಲ್ಲು ಅಥವಾ ರಸೀದಿ. ಬಿಲ್ಲು ನೀಡದಿರುವುದು ಅಧಿನಿಯಮದ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ಎಟಿಎಂ ಚೀಟಿ ಬಾರದಿದ್ದಲ್ಲಿ ಮೊಬೈಲಿನ ಸಂದೇಶವನ್ನು ಅಳಿಸದೆ ಉಳಿಸಿಕೊಳ್ಳುವುದು.

(ಆ) ದೂರಿನ ಸಂಖ್ಯೆ. ದೂರವಾಣಿಯ ಮೂಲಕ ದೂರಿದಾಗ ಸಂಖ್ಯೆಯನ್ನು ಕೇಳಿ ಪಡೆದು, ದಿನಾಂಕ ಹಾಗೂ ವೇಳೆಯೊಂದಿಗೆ ಬರೆದಿಟ್ಟುಕೊಳ್ಳುವುದು.

(ಇ) ಲಿಖಿತ ದೂರಿನ ಪ್ರತಿ. ದೂರನ್ನು ಎರಡು ಪ್ರತಿಗಳಲ್ಲಿ ಬರೆದು, ಒಂದನ್ನು ಸಲ್ಲಿಸಿ, ಇನ್ನೊಂದರ ಮೇಲೆ ದಿನಾಂಕ, ಸಹಿ ಮತ್ತು ಮೊಹರಿನೊಂದಿಗೆ ಸ್ವೀಕೃತಿ ಪಡೆಯುವುದು. ಸ್ವೀಕೃತಿ ನೀಡಲು ನಿರಾಕರಿಸಿದಲ್ಲಿ ಸ್ಪೀಡ್ ಪೋಸ್ಟ್ ಅಥವಾ ಇ-ಮೇಲ್ ಮೂಲಕ ಕಳುಹಿಸಿ ಅದರ ದಾಖಲೆಯನ್ನು ಇಟ್ಟುಕೊಳ್ಳುವುದು.

(ಈ) ಬಂದ ಉತ್ತರ. ಉತ್ತರ ಬಾರದಿದ್ದಲ್ಲಿ, ಎಷ್ಟು ದಿನ ಉತ್ತರ ಬಂದಿಲ್ಲ ಎಂಬುದೇ ಒಂದು ದಾಖಲೆಯಾಗುತ್ತದೆ.

4. ದೂರು ಬರೆಯುವ ವಿಧಾನ

ದೂರು ಒಂದು ಪುಟವನ್ನು ಮೀರಬೇಕಾಗಿಲ್ಲ. ಘಟನೆ ಏನು, ಯಾವ ದಿನ, ಎಷ್ಟು ಮೊತ್ತ, ಏನು ಆಗಬೇಕು, ಎಷ್ಟು ದಿನದೊಳಗೆ ಆಗಬೇಕು ಎಂಬ ಐದು ಅಂಶಗಳಿದ್ದರೆ ಸಾಕು. ನೌಕರರ ನಡತೆಯ ಬಗ್ಗೆ ಕಟುವಾದ ಪದಗಳನ್ನು ಬಳಸುವುದರಿಂದ ದೂರಿನ ಬಲ ಹೆಚ್ಚುವುದಿಲ್ಲ. ಮಾದರಿಯೊಂದನ್ನು ಕೆಳಗೆ ಕೊಟ್ಟಿದೆ.

ಇವರಿಗೆ: ಶಾಖಾ ವ್ಯವಸ್ಥಾಪಕರು, (ಬ್ಯಾಂಕು ಮತ್ತು ಶಾಖೆಯ ಹೆಸರು)

ವಿಷಯ: ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತವಾದ ರೂ.5,000 ಮರುಜಮೆ ಮಾಡುವ ಬಗ್ಗೆ.

ಮಾನ್ಯರೇ, ದಿನಾಂಕ ......ರಂದು ...... ಗಂಟೆಗೆ ...... ಸ್ಥಳದ ಎಟಿಎಂನಲ್ಲಿ ಹಣ ಪಡೆಯಲು ಯತ್ನಿಸಿದಾಗ ಹಣ ಬಾರದೆ ನನ್ನ ಖಾತೆಯಿಂದ ರೂ.5,000 ಕಡಿತವಾಗಿರುತ್ತದೆ. ಸಂದೇಶದ ಪ್ರತಿಯನ್ನು ಲಗತ್ತಿಸಿದೆ. ಸದರಿ ಮೊತ್ತವನ್ನು ಹಾಗೂ 5 ದಿನಗಳನ್ನು ಮೀರಿದ ವಿಳಂಬಕ್ಕೆ ದಿನಕ್ಕೆ ರೂ.100ರಂತೆ ಪರಿಹಾರವನ್ನು ಜಮೆ ಮಾಡಿ, ಕ್ರಮದ ಬಗ್ಗೆ ಲಿಖಿತವಾಗಿ ತಿಳಿಸಲು ಕೋರುತ್ತೇನೆ. (ಸಹಿ, ವಿಳಾಸ, ದಿನಾಂಕ)

ಬೇರೆ ಬ್ಯಾಂಕಿನ ಎಟಿಎಂ ಬಳಸಿದ್ದರೂ ದೂರನ್ನು ಕಾರ್ಡು ನೀಡಿದ ತಮ್ಮ ಬ್ಯಾಂಕಿಗೇ ಸಲ್ಲಿಸತಕ್ಕದ್ದು.

5. ಯಾವ ಸೇವೆಗೆ ಎಲ್ಲಿ ದೂರು ಸಲ್ಲಿಸಬೇಕು?

ಬ್ಯಾಂಕು: ಮೊದಲು ಬ್ಯಾಂಕಿಗೆ ಲಿಖಿತ ದೂರು. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ಬ್ಯಾಂಕಿಗೆ ದೂರು ನೀಡದೆ ನೇರವಾಗಿ ಸಲ್ಲಿಸಿದ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ.

ದೂರವಾಣಿ ಮತ್ತು ಮೊಬೈಲ್: 2012ರ ವಿನಿಯಮಗಳ ಪ್ರಕಾರ ಪ್ರತಿ ದೂರಿಗೂ ಕಂಪನಿಯು ಡಾಕೆಟ್ ಸಂಖ್ಯೆ ನೀಡತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು.

ಆನ್‌ಲೈನ್ ಖರೀದಿ: ಗ್ರಾಹಕರ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿಯು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು.

ವಿದ್ಯುತ್: ದೂರವಾಣಿ ಸಂಖ್ಯೆ 1912. ಪರಿಹಾರ ದೊರೆಯದಿದ್ದಲ್ಲಿ ವಿದ್ಯುಚ್ಛಕ್ತಿ ಅಧಿನಿಯಮ, 2003ರ ಅನ್ವಯ ರಚಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಅರ್ಜಿ ಸಲ್ಲಿಸಬಹುದು.

ಅಂಗಡಿ: "ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ" ಎಂಬ ಫಲಕವು ದೋಷಯುಕ್ತ ಸರಕಿಗೆ ಅನ್ವಯಿಸುವುದಿಲ್ಲ. ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದಲ್ಲಿ 30 ದಿನಗಳೊಳಗೆ, ದೋಷಯುಕ್ತ ಸರಕನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ಬಣ್ಣ ಇಷ್ಟವಾಗಲಿಲ್ಲ ಎಂಬ ಕಾರಣಕ್ಕೆ ಈ ಹಕ್ಕು ಅನ್ವಯಿಸುವುದಿಲ್ಲ.

ಎಲ್ಲಿ ದೂರಬೇಕೆಂದು ತಿಳಿಯದಿದ್ದಲ್ಲಿ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೂ ಸೇವೆ ಲಭ್ಯವಿದೆ. ಸಹಾಯವಾಣಿಯು ದೂರನ್ನು ಸಂಬಂಧಿಸಿದ ಸಂಸ್ಥೆಗೆ ಕಳುಹಿಸಿ ರಾಜಿಗೆ ಪ್ರಯತ್ನಿಸುತ್ತದೆ. ಅದು ನ್ಯಾಯಾಲಯವಲ್ಲ, ಆದೇಶ ನೀಡುವ ಅಧಿಕಾರ ಅದಕ್ಕಿಲ್ಲ.

6. ಸರ್ಕಾರಿ ಕಚೇರಿಗಳ ಸೇವೆ

ಅಲಕ್ಷ್ಯವು ಖಾಸಗಿಯವರಲ್ಲಿ ಮಾತ್ರ ಇದೆ ಎಂದು ಹೇಳುವುದು ಸತ್ಯವಾಗಲಾರದು. ಈ ಪುಟವನ್ನು ಓದುತ್ತಿರುವ ಅರ್ಜಿದಾರರಲ್ಲಿ ಹಲವರು ಸರ್ಕಾರಿ ಕಚೇರಿಯ ಮೆಟ್ಟಿಲನ್ನು ಅನೇಕ ಬಾರಿ ಹತ್ತಿಳಿದವರೇ ಆಗಿರುತ್ತಾರೆ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಮುಂತಾದ ಶಾಸನಬದ್ಧ ಸೇವೆಗಳಿಗೆ ಗ್ರಾಹಕ ಆಯೋಗವಲ್ಲ, ಸಕಾಲ ವ್ಯವಸ್ಥೆಯೇ ಸರಿಯಾದ ಮಾರ್ಗ. 2011ರ ಅಧಿನಿಯಮದ ಅನ್ವಯ ಈ ವ್ಯವಸ್ಥೆಯು 2012ರ ಏಪ್ರಿಲ್‌ನಿಂದ ರಾಜ್ಯಾದ್ಯಂತ ಜಾರಿಗೆ ಬಂದಿತು.

ಸಕಾಲದಡಿ ಅಧಿಸೂಚಿತವಾದ ಸೇವೆಗೆ ಅರ್ಜಿ ಸಲ್ಲಿಸಿದ ಕೂಡಲೇ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಕೇಳಿ ಪಡೆಯತಕ್ಕದ್ದು. ಈ ಸಂಖ್ಯೆ ಇಲ್ಲದಿದ್ದಲ್ಲಿ ದಿನಗಳ ಎಣಿಕೆಗೆ ಆಧಾರವಿರುವುದಿಲ್ಲ. ಅರ್ಜಿ ತಿರಸ್ಕೃತವಾದರೆ ಕಾರಣಸಹಿತ ಹಿಂಬರಹವನ್ನು ಲಿಖಿತವಾಗಿ ಪಡೆಯುವುದು. ನಿಗದಿತ ಅವಧಿ ಮೀರಿದಲ್ಲಿ ಸಕ್ಷಮ ಅಧಿಕಾರಿಗೆ, ನಂತರ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬದ ಪ್ರತಿ ದಿನಕ್ಕೆ ರೂ.20ರಂತೆ, ಗರಿಷ್ಠ ರೂ.500ರವರೆಗೆ ಪರಿಹಾರ ವೆಚ್ಚ ಪಡೆಯಲು ಅಧಿನಿಯಮದಲ್ಲಿ ಅವಕಾಶವಿದೆ. ಮೊತ್ತ ಚಿಕ್ಕದು. ಆದರೆ ಅದನ್ನು ತಪ್ಪಿತಸ್ಥ ನೌಕರರ ವೇತನದಿಂದ ವಸೂಲು ಮಾಡಬಹುದಾದ್ದರಿಂದ ಅದರ ಪರಿಣಾಮ ಚಿಕ್ಕದಲ್ಲ.

ನಿವೇಶನ, ವಸತಿ ಮುಂತಾದವುಗಳನ್ನು ಹಣ ಪಡೆದು ಒದಗಿಸುವ ಪ್ರಾಧಿಕಾರಗಳು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತವೆ ಎಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪು ನೀಡಿದೆ. ನಾಗರಿಕರಿಗೆ ಕಿರುಕುಳ ನೀಡಿದ್ದಕ್ಕಾಗಿ ತೆರಬೇಕಾದ ಪರಿಹಾರವನ್ನು ಅದಕ್ಕೆ ಕಾರಣರಾದ ಅಧಿಕಾರಿಗಳಿಂದಲೇ ವಸೂಲು ಮಾಡಬೇಕೆಂಬ ತತ್ವವೂ ಆ ತೀರ್ಪಿನಲ್ಲಿದೆ.

7. ಗ್ರಾಹಕ ಆಯೋಗ: ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ದೂರನ್ನು ಎಲ್ಲಿ ದಾಖಲಿಸಬೇಕು?
ಉತ್ತರ: ಸಂದಾಯ ಮಾಡಿದ ಪ್ರತಿಫಲ ರೂ.50 ಲಕ್ಷದವರೆಗೆ ಇದ್ದಲ್ಲಿ ಜಿಲ್ಲಾ ಆಯೋಗ, ಅದಕ್ಕೆ ಮೇಲ್ಪಟ್ಟು ರೂ.2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲ್ಪಟ್ಟಲ್ಲಿ ರಾಷ್ಟ್ರೀಯ ಆಯೋಗ. 2019ರ ಅಧಿನಿಯಮದ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದು. ಕಂಪನಿಯ ಕಚೇರಿ ಮುಂಬಯಿಯಲ್ಲಿದ್ದರೂ ಬೀದರಿನ ಗ್ರಾಹಕರು ಅಲ್ಲಿಗೆ ಹೋಗಬೇಕಾಗಿಲ್ಲ.

ಪ್ರಶ್ನೆ: ಶುಲ್ಕವೆಷ್ಟು? ವಕೀಲರು ಬೇಕೇ?
ಉತ್ತರ: ಪ್ರತಿಫಲ ರೂ.5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ದೂರುದಾರರು ಸ್ವತಃ ವಾದಿಸಬಹುದು. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೂ ದೂರು ಸಲ್ಲಿಸಬಹುದು.

ಪ್ರಶ್ನೆ: ಎಷ್ಟು ಅವಧಿಯೊಳಗೆ ದೂರು ಸಲ್ಲಿಸಬೇಕು?
ಉತ್ತರ: ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ. ನಂತರ ಸಲ್ಲಿಸಿದಲ್ಲಿ ವಿಳಂಬಕ್ಕೆ ಸೂಕ್ತ ಕಾರಣವನ್ನು ಆಯೋಗಕ್ಕೆ ಮನದಟ್ಟು ಮಾಡಿಕೊಡಬೇಕಾಗುತ್ತದೆ. ನಾಳೆ, ನಾಡಿದ್ದು ಎಂಬ ಭರವಸೆಯನ್ನು ನಂಬಿ ಕಾಯುತ್ತ ಕುಳಿತವರು ಈ ಅವಧಿಯನ್ನು ಕಳೆದುಕೊಳ್ಳುವ ಅಪಾಯವಿದೆ.

ಪ್ರಶ್ನೆ: ವಿಚಾರಣೆ ಹೇಗೆ ನಡೆಯುತ್ತದೆ?
ಉತ್ತರ: ಪ್ರಮಾಣಪತ್ರ ಹಾಗೂ ದಾಖಲೆಗಳ ಆಧಾರದ ಮೇಲೆ. ಎದುರುದಾರರು ಉತ್ತರ ಸಲ್ಲಿಸಲು 30 ದಿನ, ಅವಶ್ಯವಿದ್ದಲ್ಲಿ ಹೆಚ್ಚುವರಿಯಾಗಿ 15 ದಿನ ಅವಕಾಶವಿದೆ. ಸರಕಿನ ಪರೀಕ್ಷೆ ಅಗತ್ಯವಿಲ್ಲದ ಪ್ರಕರಣವನ್ನು, ಎದುರುದಾರರಿಗೆ ನೋಟೀಸು ತಲುಪಿದ ದಿನದಿಂದ ಸಾಧ್ಯವಾದಷ್ಟೂ 3 ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂದು ಅಧಿನಿಯಮ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯಬಹುದು. ಉಭಯತ್ರರೂ ಒಪ್ಪಿದಲ್ಲಿ ಮಧ್ಯಸ್ಥಿಕೆಯ ಮೂಲಕ ಬಗೆಹರಿಸಿಕೊಳ್ಳಲು ಅವಕಾಶವಿದೆ.

ಪ್ರಶ್ನೆ: ಆದೇಶವನ್ನು ಪಾಲಿಸದಿದ್ದರೆ?
ಉತ್ತರ: ಒಂದು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ ರೂ.25,000ಕ್ಕೆ ಕಡಿಮೆಯಿಲ್ಲದ, ರೂ.1 ಲಕ್ಷದವರೆಗಿನ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

8. ಕೊನೆಯ ಮಾತು

ಕೌಂಟರಿನಲ್ಲಿ ಕುಳಿತ ನೌಕರರು ಅನೇಕ ಸಂದರ್ಭಗಳಲ್ಲಿ ನಿಯಮವನ್ನು ರೂಪಿಸಿದವರೂ ಅಲ್ಲ, ಅದನ್ನು ಬದಲಾಯಿಸಬಲ್ಲವರೂ ಅಲ್ಲ. ಅವರೊಂದಿಗೆ ಸೌಜನ್ಯದಿಂದ ಮಾತನಾಡಿ. ಆದರೆ ಸ್ವೀಕೃತಿ ಪಡೆಯದೆ ಮರಳಬೇಡಿ. ಏರಿದ ದನಿಯು ಆ ದಿನ ಸಂಜೆಗೆ ಮರೆತುಹೋಗುತ್ತದೆ. ಮೊಹರು ಬಿದ್ದ ಕಾಗದವು ಮೇಲಧಿಕಾರಿಯ ಮೇಜಿಗೂ ಆಯೋಗದ ಕಡತಕ್ಕೂ ತಲುಪುತ್ತದೆ. ಒಬ್ಬ ಗ್ರಾಹಕರು ಬರೆದು ಕೊಟ್ಟ ದೂರಿನಿಂದ ವ್ಯವಸ್ಥೆ ಸರಿಹೋದರೆ, ಅದರ ಫಲವು ಅವರ ಹಿಂದೆ ಸರದಿಯಲ್ಲಿ ನಿಂತ, ಓದುಬರಹ ಬಾರದ ವೃದ್ಧರಿಗೂ ದೊರೆಯುತ್ತದೆ.

ಆದ್ದರಿಂದ ಸಾರ್ವಜನಿಕರು ಬಿಲ್ಲು, ದೂರಿನ ಸಂಖ್ಯೆ ಮತ್ತು ಸ್ವೀಕೃತಿಗಳನ್ನು ಒಂದೇ ಕಡೆ ಜೋಪಾನವಾಗಿ ಇಟ್ಟುಕೊಂಡು ಮೇಲ್ಕಂಡ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.